8ನೇತ್ತಾಗ ಬಡಗಿ ಕೆಲಸ, ಡಿಸೈನ್, ಆರ್ಕಿಟೆಕ್ಚರ್: ಮಗನ ಹೆಸರು ಯಾವುದಕ್ಕ ಹಚ್ಚಲಿ?

ಸಾಧನಕೇರಿ_ಅಪ್ಪಾ
ನಮಸ್ಕಾರ್ರೀ ಎಲ್ಲಾರಿಗೂ. ಮಗಾ ಇಲ್ಲೇ ಧಾರವಾಡದಾಗ ಒಂದ ಪ್ರೈವೇಟ್ ಸಾಲ್ಯಾಗ 7ನೇತ್ತಾ ಮುಗಿಸ್ಯಾನ, ಸಿಬಿಎಸ್‌ಇ. ಮೊನ್ನೆ ಪೇರೆಂಟ್ಸ್ ಮೀಟಿಂಗ್‌ನ್ಯಾಗ ಒಂದ ಫಾರ್ಮ್ ಕೈಯಾಗ ಕೊಟ್ರು, ಈ ವರ್ಷದಿಂದ ಇಲೆಕ್ಟಿವ್ ಅಂತ, ವಾರಕ್ಕ ಎರಡ ಪಿರಿಯಡ್, ಮೂರರಾಗ ಒಂದ ಆರಿಸ್ರಿ ಅಂತ: ವುಡ್‌ವರ್ಕಿಂಗ್, ಡಿಸೈನ್, ಆರ್ಕಿಟೆಕ್ಚರ್. ಗುರುವಾರದೊಳಗ ತುಂಬಿ ಕೊಡಬೇಕಂತ. ಮನಿಯಾಗ ಮೂರು ಮಂದಿ ಮೂರು ಮಾತು. ನಮ್ಮಾಕಿ ಡಿಸೈನ್ ಅಂತಾಳ, ಲ್ಯಾಪ್‌ಟಾಪ್ ಮ್ಯಾಲೆ ಇರತದ ಮುಂದ ಉಪಯೋಗ ಆಗತದ ಅಂತ. ನನಗ ಆರ್ಕಿಟೆಕ್ಚರ್ ಅಂದ್ರ ಕೇಳಲಿಕ್ಕೆ ಛಲೋ ಅನಸ್ತದ. ನಮ್ಮ ಅವ್ವ ಅಂತೂ "ಬಡಿಗ್ಯಾನ ಕೆಲಸಾ ಕಲಿಲಿಕ್ಕೆ ಫೀ ಬ್ಯಾರೆ ಕೊಡ್ತೀರೇನು" ಅಂತ ನಗಲಿಕ್ಕೆ ಹತ್ಯಾಳ. ಮಗನ್ನ ಕೇಳಿದ್ರ "ಯಾವುದರಾಗ ಪರೀಕ್ಷಾ ಇಲ್ಲೋ ಅದು" ಅಂದ. ತಿಳದವರು ಯಾರರೆ ಹೇಳ್ರಿ.

ಮಾರ್ಕ್ಸ್_ಮುಖ್ಯ
ಡಿಸೈನ್ ಹಾಕಿ ಕೈ ತೊಳಕೋರಿ. ಯಾವುದು ಹಾಕಿದ್ರೂ ಟೈಮ್ ವೇಸ್ಟ್. 8ನೇತ್ತಾದಾಗ ಫೌಂಡೇಶನ್ ಕೋಚಿಂಗ್ ಹಚ್ಚೋದ ಬಿಟ್ಟು ಕಟಗಿ ಕೊಯ್ಯೋದ ಕಲಸಾಕ ಹತ್ಯಾರ. ಆ ಎರಡ ಪಿರಿಯಡ್ ಗಣಿತಕ್ಕ ಕೊಡ್ರಿ ಅಂತ ಎಲ್ಲಾ ಪೇರೆಂಟ್ಸ್ ಕೂಡಿ ಬರದು ಕೊಡಬೇಕು.

ರಂದಾ_ಹಿಡದಾಂವ
ಅಣ್ಣಾರ, ನಿಮ್ಮ ಅವ್ವಾರ ಮಾತು ಓದಿ ನಗುನೂ ಬಂತು ಸ್ವಲ್ಪ ಸಿಟ್ಟೂ ಬಂತು, ಹಿರ್ಯಾರು, ಇರ್ಲಿ ಬಿಡ್ರಿ. ನಾವು ಬಡಿಗೇರು. ಹುಬ್ಬಳ್ಳಿಯಾಗ ಸಣ್ಣದೊಂದು ಫರ್ನಿಚರ್ ವರ್ಕ್‌ಶಾಪ್ ಐತಿ ನಂದು. ನಮ್ಮಪ್ಪ ನವಲಗುಂದ ಕಡೆ ಊರಾಗ ಆಯಗಾರ, ರಂಟಿ ಕುಂಟಿ ಕೂರಗಿ ಎಲ್ಲಾ ಮಾಡಿ ಕೊಡ್ತಿದ್ದ, ಸುಗ್ಗಿಯಾಗ ಕಣಕ್ಕ ಹೋಗಿ ಜ್ವಾಳ ತರ್ತಿದ್ದ. ಟ್ರ್ಯಾಕ್ಟರ್ ಬಂದು ಎತ್ತು ಕಡಿಮಿ ಆದ ಮ್ಯಾಲೆ ಕೂರಗಿ ಮಾಡ್ಸೋರ ಇಲ್ಲದಂಗ ಆತು, ಪ್ಯಾಟಿಗೆ ಬಂದ್ವಿ.

ಈಗ ಖರೇ ಹೇಳ್ತೀನಿ ಕೇಳ್ರಿ. ನನ್ನ ಮಗಾ ಅದ ಸಾಲ್ಯಾಗ ಇದ್ದಿದ್ರ ನಾನೂ ವುಡ್‌ವರ್ಕಿಂಗ್‌ಗೆ ಟಿಕ್ ಹಾಕ್ತಿರಲಿಲ್ಲ. ಯಾಕಂದ್ರ ನಿಮ್ಮ ಮಗಾ ಕಲತ್ರ ಅದಕ್ಕ ಹಾಬಿ ಅಂತಾರ, ನನ್ನ ಮಗಾ ಕಲತ್ರ ಮನಿತನದ ಕಸುಬು ಅಂತಾರ, ಮಾಸ್ತರು ಬಾಗಲಾ ರಿಪೇರಿ ಇದ್ರ ಅವನ್ನ ಕರೀತಾರ. ನನಗ ಹಂಗ ಆಗೇತಿ, 6ನೇತ್ತಾದಾಗ ಎಲ್ಲಾರೂ ಪಾಠ ಕೇಳಾಕತ್ತಿದ್ರ ನಾನು ಆಫೀಸ್ ರೂಮಿನ ಕಿಡಕಿಗೆ ಮೊಳಿ ಹೊಡೀತಿದ್ದೆ. ಆದ್ರ ನಿಮ್ಮ ಮಗನಿಗೆ ಹಾಕ್ರಿ. ಅಂತಾ ಮನಿ ಹುಡುಗ್ರು ರಂದಾ (ಕಟಗಿ ಹೆರದು ನುಣುಪ ಮಾಡೋ ಹತಾರ) ಹಿಡದು ಬೆವರ ಸುರಿಸಿದ್ರ ನಮ್ಮ ಕೆಲಸಕ್ಕ ಚೌಕಾಶಿ ಮಾಡೋದರೆ ಕಡಿಮಿ ಆದೀತು.

ಹುಬ್ಬಳ್ಳಿ_ನಕಾಶಿ
ಮ್ಯಾಲಿನ ಅಣ್ಣಾರ ಮಾತು ಓದಿ ಸ್ವಲ್ಪೊತ್ತು ಸುಮ್ನ ಕುಂತಿದ್ದೆ.

ನಾನು ಆರ್ಕಿಟೆಕ್ಟ್, ಒಂದಿಷ್ಟು ದಿನ ಪಾಠಾನೂ ಹೇಳೀನಿ. ಮೊದಲು ಆರ್ಕಿಟೆಕ್ಚರ್ ಬಗ್ಗೆ. 8ನೇತ್ತಾದಾಗ ಆ ಇಲೆಕ್ಟಿವ್ ತಗೊಂಡ ಮಾತ್ರಕ್ಕ ಬಿ.ಆರ್ಕ್ ಸೀಟಿಗೆ ಏನೂ ಉಪಯೋಗ ಇಲ್ಲ. ಪಿಯುಸಿಯಾಗ ಗಣಿತ ಬೇಕs ಬೇಕು, ಆಮೇಲೆ ನಾಟಾ ಅನ್ನೋ ಪ್ರವೇಶ ಪರೀಕ್ಷಾ ಇಲ್ಲಾ ಜೆಇಇಯ ಆರ್ಕಿಟೆಕ್ಚರ್ ಪೇಪರ್ ಬರೀಬೇಕು, ಕೋರ್ಸ್ 5 ವರ್ಷ. ನಮ್ಮ ವಿದ್ಯಾನಗರದ ಬಿವಿಬಿ ಕ್ಯಾಂಪಸ್‌ನ್ಯಾಗ ಐತಿ, ಊರು ಬಿಟ್ಟು ಹೋಗಬೇಕಂತನೂ ಇಲ್ಲ. ಇನ್ನೊಂದು, ಇಂಟೀರಿಯರ್ ಮಾಡೋರೆಲ್ಲಾ ಆರ್ಕಿಟೆಕ್ಟ್ ಅಲ್ಲ, 1972ರ ಆರ್ಕಿಟೆಕ್ಟ್ ಕಾಯ್ದೆ ಪ್ರಕಾರ ಆರ್ಕಿಟೆಕ್ಚರ್ ಕೌನ್ಸಿಲ್‌ನ್ಯಾಗ ಹೆಸರು ನೋಂದಾಯಿಸಿದವರು ಮಾತ್ರ ಹಂಗ ಬೋರ್ಡ್ ಹಾಕ್ಕೋಬೇಕು. ಇದು ನಿಮಗ ಸಂಬಂಧ ಇಲ್ಲ, ನನ್ನ ಹಳೇ ಸಿಟ್ಟು, ಹೇಳಿಬಿಟ್ಟೆ.

ಕಾಲೇಜಿಗೆ ಬರೋ ಹುಡುಗ್ರನ್ನ ಮೊದಲನೇ ವಾರ ಒಂದ ಪ್ರಶ್ನಿ ಕೇಳ್ತಿದ್ದೆ: ನೀ ಕುಂತಿರೋ ಕುರ್ಚಿ ನೆಲದಿಂದ ಎಷ್ಟ ಎತ್ತರ ಐತಿ, ಅಳೀದ ಹೇಳು. ಒಬ್ಬಂವ ಒಂದ ಫೂಟ್ ಅಂದ, ಇನ್ನೊಬ್ಬಾಕಿ ಮೂರ ಫೂಟ್ ಅಂದ್ಲು! ಸುಮಾರು 18 ಇಂಚ್ ಇರತೈತಿ, ಟೇಬಲ್ 30 ಇಂಚ್. ಕಂಪ್ಯೂಟರ್‌ನ್ಯಾಗ ಹತ್ತ ಅಂತಸ್ತಿನ ಬಿಲ್ಡಿಂಗ್ ತಿರುಗಿಸಿ ತೋರಸ್ತಾರ, ಒಂದ ಪಾವಟಿಗಿ ಎಷ್ಟ ಎತ್ತರ ಇದ್ರ ಅಜ್ಜಿ ಮೊಣಕಾಲು ನೋಯೋದಿಲ್ಲ ಅನ್ನೋದು ಗೊತ್ತಿರೋದಿಲ್ಲ. ಹಿಂಗಾಗಿ ನನ್ನ ಕೇಳಿದ್ರ ಕಟಗಿ ಕೆಲಸದಿಂದ ಸುರು ಮಾಡ್ರಿ. ಫಾರ್ಮ್ ಮ್ಯಾಲೆ ಮೂರೂ ಬ್ಯಾರೆ ಬ್ಯಾರೆ ಡಬ್ಬಿ ಮಾಡಿದ್ದ ತಪ್ಪು. ಡಿಸೈನ್ ಅಂದ್ರ ಯಾರಿಗೆ, ಎಷ್ಟ ಅಳತಿದು ಅಂತ ಕೇಳೋದು, ಕಟಗಿ ಮುಟ್ಟಿದ ಕೂಡ್ಲೆ ಆ ಪ್ರಶ್ನಿ ತಾನ ಬರತೈತಿ.

ಮಾರ್ಕ್ಸ್_ಮುಖ್ಯ
ಮೇಡಮ್ಮರ ಇದೆಲ್ಲಾ ಮಾತಿಗೆ ಛಲೋ. ಬೋರ್ಡ್ ಪರೀಕ್ಷಾದಾಗ ಕುರ್ಚಿ ಎತ್ತರ ಯಾರೂ ಕೇಳೂದಿಲ್ಲ.

ಹುಬ್ಬಳ್ಳಿ_ನಕಾಶಿ
ಕೇಳ್ತಾರ್ರೀ ಸರ. ಸಿಬಿಎಸ್‌ಇಯಾಗ 11, 12ಕ್ಕ ಎಂಜಿನಿಯರಿಂಗ್ ಗ್ರಾಫಿಕ್ಸ್ ಅಂತ ವಿಷಯನ ಐತಿ. ಒಂದ ವಸ್ತುನ ಮುಂದಿಂದ, ಮ್ಯಾಲಿಂದ, ಬಾಜೂಕಿಂದ ನೋಡಿದ್ರ ಹೆಂಗ ಕಾಣತೈತಿ ಅಂತ ತಗೀಬೇಕು. ಒಂದ ಸಲ ಕೈಯಾರೆ ಸ್ಟೂಲ್ ಜೋಡಿಸಿದ ಹುಡುಗನಿಗೆ ಅದು ಕಣ್ಣಮುಂದ ನಿಲ್ಲತೈತಿ, ಉಳದವರು ಬಾಯಿಪಾಠ ಮಾಡ್ತಾರ.

ಗದಗ_ಗಣಿತ_ಟೀಚರ್
ನಾನು ಗದಗ ತಾಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಾಗ ಗಣಿತ ಹೇಳ್ತೀನಿ. ನಮ್ಮ ಕಡೆ ಇಲೆಕ್ಟಿವ್ ಅಂದ್ರ ಕೆಲವು ಸಾಲ್ಯಾಗ 9ನೇತ್ತಾದಿಂದ ತೃತೀಯ ಭಾಷೆ ಬದಲಿಗೆ ಎನ್‌ಎಸ್‌ಕ್ಯೂಎಫ್ ಅನ್ನೋ ಕಸುಬಿನ ಕೋರ್ಸ್, ಐಟಿ, ಆಟೊಮೊಬೈಲ್, ಬ್ಯೂಟಿ ಆ್ಯಂಡ್ ವೆಲ್‌ನೆಸ್ ಇಂಥಾವು ಅದಾವ. ನಮ್ಮ ಸಾಲ್ಯಾಗ ಅದೂ ಇಲ್ಲ. ಆದ್ರೂ ಎರಡು ವರ್ಷದ ಹಿಂದ ಒಂದು ಪ್ರಯೋಗ ಮಾಡಿದ್ವಿ, ಅದರ ಕಥಿ ಹೇಳ್ತೀನಿ, ಸ್ವಲ್ಪ ಉದ್ದ ಆಗ್ತದ.

ಊರಿನ ಅಂಗನವಾಡಿಗೆ ಕುಂಡ್ರಾಕ ಬೆಂಚ್ ಇರಲಿಲ್ಲ. 9ನೇತ್ತಾ ಮಕ್ಕಳು ನಾವ ಮಾಡ್ತೀವ್ರಿ ಟೀಚರ್ ಅಂದ್ರು. ಊರಾಗಿನ ಮೇಸ್ತ್ರಿ ಒಬ್ಬರನ್ನ ಕೇಳಿಕೊಂಡ್ವಿ, ಶನಿವಾರ ಸಾಲಿ ಬಿಟ್ಟ ಮ್ಯಾಲೆ ಎರಡ ತಾಸು ಬರ್ತಿದ್ರು. ಯಾರದೋ ಹೊಲದಾಗ ಬಿದ್ದ ಬೇವಿನ ಗಿಡ ಕೊಟ್ರು, ಹಲಗಿ ಕೊಯ್ಸಿದ್ವಿ. ಮಕ್ಕಳು ನಾಕ ವಾರ ಬಡದಾಡಿ ಬೆಂಚ್ ಮಾಡಿದ್ರು, ಪಾಲಿಶ್ ಪೇಪರ್ ತಿಕ್ಕಿ ತಿಕ್ಕಿ ಕನ್ನಡಿ ಹಂಗ ಮಾಡಿದ್ರು, ಮೆರವಣಿಗಿ ಮಾಡಿದಂಗ ಹೊತ್ಕೊಂಡು ಅಂಗನವಾಡಿಗೆ ಒಯ್ದ್ರು. ಅಲ್ಲಿ ನೋಡಿದ್ರ ಆ ಸಣ್ಣ ಹುಡುಗ್ರು ಹತ್ತಲಿಕ್ಕೆ ಬರ್ತಿಲ್ಲ! ಎತ್ತಿ ಕುಂಡ್ರಿಸಿದ್ರ ಕಾಲು ಗಾಳ್ಯಾಗ. ಬೆಂಚ್ 17 ಇಂಚ್ ಇತ್ತು. ನಮ್ಮ ಹುಡುಗ್ರು ತಮ್ಮ ಮೊಣಕಾಲಿನ ಅಳತಿ ತಗೊಂಡಿದ್ರು, ಕುಂಡ್ರೋರ ಅಳತಿ ಯಾರೂ ತಗೊಂಡಿರಲಿಲ್ಲ. ನಾನೂ ನೋಡಿರಲಿಲ್ಲ, ಮೇಸ್ತ್ರಿ ನೋಡಿ ಸುಮ್ನಿದ್ರಂತ, "ಹೇಳಿದ್ರ ಕಲೀತಿರಲಿಲ್ಲರೀ ಟೀಚರ್" ಅಂದ್ರು ಆಮೇಲೆ. ಮರುದಿನ ಹುಡುಗ್ರು ಹೋಗಿ ಅಂಗನವಾಡಿಯ ಹನ್ನೊಂದು ಮಕ್ಕಳ ಮೊಣಕಾಲು ಅಳದು ಬಂದ್ರು, ಸರಾಸರಿ ತಗದ್ರು, ಕಾಲು 10 ಇಂಚಿಗೆ ಕೊಯ್ದ್ರು. ಸರಾಸರಿ ಅಧ್ಯಾಯ ನಾ ಅವರಿಗೆ ಮತ್ತ ಹೇಳಬೇಕಾಗಲಿಲ್ಲ.

ಹಸೀ ಬೇವು, ಬ್ಯಾಸಗಿ ಬರೂದ್ರೊಳಗ ಹಲಗಿ ಬಿಲ್ಲಿನಂಗ ಬಾಗಿತು. ಅದೂ ಒಂದು ಪಾಠ ಆತು. ಈಗೂ ಐತಿ ಆ ಬೆಂಚ್, ಮಕ್ಕಳು ಅದನ್ನ ಜಾರಬಂಡಿ ಮಾಡ್ಕೊಂಡಾರ.

ರಂದಾ_ಹಿಡದಾಂವ
ಟೀಚರ್ ಆ ಮೇಸ್ತ್ರಿಗೆ ನನ್ನ ಶರಣು ಹೇಳ್ರಿ.

ಹಲಗಿ ಬಾಗಿದ್ದಕ್ಕ ಕಾರಣ ಹೇಳ್ತೀನಿ. ಕಟಗಿ ಒಣಗುವಾಗ ಉದ್ದಕ್ಕ ಕುಗ್ಗೂದ ಇಲ್ಲ ಅಂದ್ರೂ ನಡೀತೈತಿ, ಅಗಲಕ್ಕ ಕುಗ್ಗತೈತಿ. ಅದಕ್ಕ ಕಟಗಿ ಕೊಯ್ದ ಮ್ಯಾಲೆ ನಡುವ ಪಟ್ಟಿ ಕೊಟ್ಟು ಒಂದರ ಮ್ಯಾಲೆ ಒಂದ ಪೇರಿಸಿ ನೆಳ್ಳಾಗ ಇಡಬೇಕು, ಗಾಳಿ ಆಡಬೇಕು. ಮಳಿಗಾಲದಾಗ ನಿಮ್ಮ ಮನಿ ಬಾಗಲಾ ಗಿಚ್ಚಗೆ ಹಿಡಕೊಂತೈತಲ್ಲ, ಅದೂ ಇದ ಲೆಕ್ಕ, ಹಸಿ ಕುಡದು ಅಗಲಕ್ಕ ಉಬ್ಬತೈತಿ. ಹಳೇ ಬಾಗಲದಾಗ ನಡುವಿನ ಹಲಗಿಗೆ ಮೊಳಿ ಹೊಡೀದ ಬರೇ ಚೌಕಟ್ಟಿನಾಗ ಕೊರದ ಗಾಡಿಯೊಳಗ ಕುಂಡ್ರಿಸಿ ಬಿಟ್ಟಿರತಾರ, ಅದು ಉಸುರಾಡ್ಲಿ ಅಂತ.

ಮಾರ್ಕ್ಸ್ ಸರಗೂ ಒಂದ ಲೆಕ್ಕ ಕೊಡ್ತೀನಿ. ಪ್ಲೈವುಡ್ ಶೀಟ್ 8 ಫೂಟ್ ಉದ್ದ, ಅಂದ್ರ 96 ಇಂಚ್. ಅದರಾಗ 16 ಇಂಚಿನ ಪಟ್ಟಿ ಎಷ್ಟ ಬರತಾವ?

ಮಾರ್ಕ್ಸ್_ಮುಖ್ಯ
6. ಇದೇನು 3ನೇತ್ತಾ ಲೆಕ್ಕ.

ರಂದಾ_ಹಿಡದಾಂವ
5 ಬರತಾವ್ರಿ ಸರ, 6ನೇದು 5 ಸೂತ್ ಕಡಿಮಿ. ಒಂದ ಇಂಚಿಗೆ 8 ಸೂತ್. ಮಷಿನ್ ಬ್ಲೇಡ್ ಕೊಯ್ಯುವಾಗ ಒಂದೊಂದು ಕೊಯ್ತಕ್ಕ ಹತ್ತತ್ರ ಒಂದ ಸೂತ್ ತಾನ ತಿಂದ ಪುಡಿ ಮಾಡತೈತಿ, 6 ಪಟ್ಟಿಗೆ 5 ಕೊಯ್ತ, 5 ಸೂತ್ ಹೋತು. ನನ್ನ ಹತ್ರ ಎಂಜಿನಿಯರಿಂಗ್ ಓದಿದ ಹುಡುಗ ಒಬ್ಬಂವ ತನ್ನ ಮನಿ ವಾರ್ಡ್‌ರೋಬಿಗೆ ಹಿಂಗ ಲೆಕ್ಕ ಹಾಕಿ ಶೀಟ್ ಕೊಯ್ಸಿಕೊಂಡ ಹೋಗಿದ್ದ, ಸಂಜೀಕ ತಿರುಗಿ ಬಂದ. ನಗಬಾರದು, ನಕ್ಕೆ.

ಮಾರ್ಕ್ಸ್_ಮುಖ್ಯ
ಹೌದಾ. ಇದು ಗೊತ್ತಿರಲಿಲ್ಲ.

ಹಾವೇರಿ_ಕಾಕಾ
ತಮ್ಮಗಳಿರಾ, ಇದೆಲ್ಲಾ ಹೊಸಾದು ಅಂತ ತಿಳಕೊಂಡೀರೇನು. ನಾನು ಈಗ ಎಪ್ಪತ್ತ ದಾಟಿದಾಂವ. ನಮ್ಮ ಸಾಲ್ಯಾಗ ತಕಲಿ ತಿರುಗಸ್ತಿದ್ವಿ, ನೂಲು ಕಡದ್ರ ಬೆತ್ತ. 1937ರಾಗ ವಾರ್ಧಾದಾಗ ಗಾಂಧೀಜಿ ನಯೀ ತಾಲೀಮ್ ಅಂದ್ರು, ಕೈ ಕೆಲಸದ ಮುಖಾಂತರನ ಎಲ್ಲಾ ಪಾಠ ಅಂತ. ಆಮೇಲೆ ಕೊಠಾರಿ ಕಮಿಷನ್ನಿನವರು ಕಾರ್ಯಾನುಭವ ಅಂದ್ರು, 1977ರಾಗ ಅದ ಎಸ್‌ಯುಪಿಡಬ್ಲ್ಯು (ಸಮಾಜಕ್ಕ ಉಪಯೋಗ ಆಗೋ ಉತ್ಪಾದಕ ಕೆಲಸ) ಆತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೊಳಗ 6ರಿಂದ 8ನೇತ್ತಾದಾಗ 10 ದಿನ ಪಾಟೀಚೀಲ ಬಿಟ್ಟು ಬಡಿಗೇರು, ತೋಟಗಾರು, ಕುಂಬಾರರ ಕಡೆ ಹೋಗಿ ಕಲೀರಿ ಅಂತ ಬರದಾರ. ಹೆಸರು ಬದಲಿ ಆಗಕೊಂತ ಬಂದೈತಿ, ಉಳಿ ಮಾತ್ರ ಪೆಟಿಗ್ಯಾಗ ಜಂಗ ಹಿಡಕೊಂತ ಕುಂತೈತಿ.

ನಮ್ಮ ಹೈಸ್ಕೂಲಿನ್ಯಾಗ ಕ್ರಾಫ್ಟ್ ಮಾಸ್ತರ ಇದ್ರು. ಅವರ ಮನಿ ಮಣಿ, ಲಟ್ಟಣಗಿ, ತೊಟ್ಟಲಾ ಎಲ್ಲಾ ನಾವ ಹುಡುಗ್ರು ಮಾಡಿದ್ದು. ತೊಟ್ಟಲಾ ಮಾಡಿದ ವರ್ಷ ಎಲ್ಲಾರಿಗೂ ಎ ಗ್ರೇಡ್ ಕೊಟ್ರು. ಪುಣ್ಯಾತ್ಮ, ಹೋದ್ರು ಈಗ. ಅದಕ್ಕ ಹೇಳೋದು, ಯಾವ ವಿಷಯ ಅಂತ ಕೇಳೂದ್ಕಿಂತ ಕಲಸಾಂವ ಯಾರು ಅಂತ ಮೊದಲ ಕೇಳು.

ಸಾಧನಕೇರಿ_ಅಪ್ಪಾ
ಕಾಕಾ ನೀವು ಹೇಳಿದ ಮ್ಯಾಲೆ ಇವತ್ತ ಸಾಲಿಗೆ ಫೋನ್ ಮಾಡಿ ಅದ ಕೇಳಿದೆ. ಡಿಸೈನಿಗೆ ಕಂಪ್ಯೂಟರ್ ಟೀಚರ್, ಆರ್ಕಿಟೆಕ್ಚರಿಗೆ ಡ್ರಾಯಿಂಗ್ ಸರ್, ವುಡ್‌ವರ್ಕಿಂಗಿಗೆ "ನೋಡ್ಲಿಕ್ಕೆ ಹತ್ತೇವ್ರಿ" ಅಂದ್ರು. ಮಷಿನ್ ಎಲ್ಲಾ ಬಂದಾವಂತ, ಟೇಬಲ್ ಸಾ, ಡ್ರಿಲ್, ಕಲಸೋರು ಬಂದಿಲ್ಲ.

ರಂದಾ_ಹಿಡದಾಂವ
ಇದ ನೋಡ್ರಿ. ನನಗೂ ಹಿಂಗ ಒಂದ ಸಾಲಿಯವರು ಕೇಳಿದ್ರು, ಯಾವ ಸಾಲಿ ಅಂತ ಹೇಳೂದಿಲ್ಲ. ಮೊದಲ ಪ್ರಶ್ನಿ ಡಿಗ್ರಿ ಏನಾಗೇತಿ. ಆಮೇಲೆ ತಿಂಗಳಾ ಎಂಟ ಸಾವಿರ ಕೊಡ್ತೀವಿ ಅಂದ್ರು. ಸಾಹೇಬರ ನನ್ನ ಕಡೆ ಕೆಲಸಾ ಮಾಡೋ ಹುಡುಗ ಹತ್ತ ದಿನದಾಗ ಅಷ್ಟ ಒಯ್ತಾನ ಅಂದೆ. ಫೋನ್ ಇಟ್ರು. ಐಟಿಐಯಾಗ ಕಾರ್ಪೆಂಟರ್ ಟ್ರೇಡ್ 1 ವರ್ಷದ್ದು ಐತಿ, 8ನೇತ್ತಾ ಪಾಸಾದ್ರ ಸಾಕು, ಅದನ್ನ ಮಾಡಿ ಹತ್ತ ವರ್ಷ ಕೆಲಸಾ ಮಾಡಿದಾಂವ ಸಿಗತಾನ, ಅಂತಾಂವನ್ನ ಹುಡುಕ್ರಿ, ರೊಕ್ಕಾ ಸರಿ ಕೊಡ್ರಿ, ಅವಗ ಸರ್ ಅಂತ ಕರೀರಿ, ಮಕ್ಕಳ ಮುಂದ "ಏ ಬಡಿಗ್ಯಾ" ಅನಬ್ಯಾಡ್ರಿ.

ಇನ್ನೊಂದು ದೊಡ್ಡ ಮಾತು. 8ನೇತ್ತಾ ಹುಡುಗ್ರನ್ನ ಮೊದಲನೇ ವರ್ಷ ಮಷಿನ್ ಹತ್ರ ಬಿಡಲೇಬ್ಯಾಡ್ರಿ. ಕೈ ಗರಗಸ, ಉಳಿ, ರಂದಾ, ಮೂಲಿ ಸರಿ ನೋಡೋ ಮೂಲಮಟ್ಟ, ಇಷ್ಟ ಸಾಕು, ಕಣ್ಣಿಗೆ ಗಾಗಲ್. ಟೈಲ್ಸ್ ಕೊಯ್ಯೋ ಕಟರಿಗೆ ಕಟಗಿ ಬ್ಲೇಡ್ ಹಾಕಿ, ಗಾರ್ಡ್ ಬಿಚ್ಚಿ ಕೈಯಾಗ ಹಿಡದು ಓಡಸ್ತಾರಲ್ಲ, ಅದು ಸಾಲಿ ಗೇಟ್ ಒಳಗ ಬರಬಾರದು. ನನ್ನ ಎಡಗೈ ತೋರಬಟ್ಟಿನ ತುದಿ ಇಲ್ಲ. ಅರ್ಧ ನಿಮಿಷದ ಅವಸರ ಅದು.

ದೂರದ_ಹುಬ್ಬಳ್ಳಿಯಂವಾ
ನಾನು ಹಳೇ ಹುಬ್ಬಳ್ಳಿಯಂವಾ, ಈಗ ಫಿನ್ಲೆಂಡ್‌ನ್ಯಾಗ ಅದೀನಿ. ಇಲ್ಲಿ ಕೈಗೆಲಸ 1866ರಿಂದ ಸಾಲ್ಯಾಗ ಕಡ್ಡಾಯ, ಉನೊ ಸಿಗ್ನೇಯಸ್ ಅನ್ನಾಂವ ಸುರು ಮಾಡಿದ್ದು. ಈಗೂ 7ನೇತ್ತಾ ತನಕ ಎಲ್ಲಾರೂ ಮಾಡಬೇಕು, ಹುಡುಗ್ರು ಹೊಲಿಗಿನೂ ಕಲೀತಾರ ಹುಡುಗ್ಯಾರು ಕಟಗಿನೂ ಕೊಯ್ತಾರ, ಅದರ ಮ್ಯಾಲೆ ಇಲೆಕ್ಟಿವ್. ಎಲ್ಲಾರಿಗೂ ಕಡ್ಡಾಯ ಅಂದ ಮ್ಯಾಲೆ ಯಾರ ಮನಿತನದ್ದು ಅನ್ನೋ ಮಾತ ಬರೂದಿಲ್ಲ. ಮ್ಯಾಲೆ ಅಣ್ಣ ಹೇಳಿದ್ರಲ್ಲ ತನ್ನ ಮಗನಿಗೆ ಟಿಕ್ ಹಾಕ್ತಿರಲಿಲ್ಲ ಅಂತ, ಆ ಮಾತು ತಲ್ಯಾಗ ಕುಂತೈತಿ. ನನ್ನ ಮಗಳು ಹಕ್ಕಿಗೂಡು ಮಾಡಿ ತಂದಾಳ, ಸೊಟ್ಟಗೈತಿ, ಹಕ್ಕಿ ಇನ್ನೂ ಬಂದಿಲ್ಲ.

ಗದಗ_ಗಣಿತ_ಟೀಚರ್
ದೂರದವರು ದೂರದ್ದು ಹೇಳಿದ್ರು, ನಾನು ಹತ್ರದ್ದು ಹೇಳ್ತೀನಿ. ಸಾಧನಕೇರಿ ಸರ್, ಯಾವುದಕ್ಕ ಹೆಸರು ಹಚ್ಚಿದ್ರೂ ಒಂದು ರವಿವಾರ ಮಗನ್ನ ಕರಕೊಂಡು ಲಕ್ಕುಂಡಿಗೆ ಬರ್ರಿ, ಗದಗಿನಿಂದ 12 ಕಿಮೀ ಅಷ್ಟ. ಕಾಶಿ ವಿಶ್ವನಾಥ ಗುಡಿಯ ಕಂಬ ನೋಡ್ರಿ. ಕಲ್ಯಾಣ ಚಾಲುಕ್ಯರ ಕಾಲದ್ದು, ಬಳಪದ ಕಲ್ಲು, ಮೆತ್ತಗಿರತದ. ಕಲ್ಲನ್ನ ಲೇಥಿನ ಮ್ಯಾಲೆ ತಿರುವಿ ಮಾಡಿದ ಕಂಬ ಅವು, ನಮ್ಮ ಬಡಿಗೇರು ತೊಟ್ಟಿಲ ಗೂಟ ತಿರುವಿದಂಗ. ನಾನು ಮಕ್ಕಳನ್ನ ಒಯ್ದಾಗ ಒಂದು ನೂಲುಂಡಿ ಒಯ್ದಿದ್ದೆ. ಕಂಬದ ಸುತ್ತಳತಿ ನೂಲಿನಿಂದ, ಅಡ್ಡಳತಿ ಎರಡು ಬಾಜೂಕ ರಟ್ಟು ಹಿಡದು. ಭಾಗಿಸಿದ್ರ 3.1 ಚಿಲ್ಲರೆ ಬಂತು, ಎರಡನೇ ಕಂಬಕ್ಕೂ ಅಷ್ಟ. ಒಬ್ಬ ಹುಡುಗ "ಟೀಚರ್, ಅವರಿಗೆ ಪೈ ಗೊತ್ತಿತ್ತೇನ್ರಿ" ಅಂದ. ಇನ್ನೊಬ್ಬ ಹಿಂದಿನಿಂದ "ಕಂಬ ದುಂಡಗಿದ್ರ ಪೈ ತಾನ ಬರ್ತೈತಲೇ" ಅಂದ. ಆ ಎರಡನೇದಂವ ಗಣಿತದಾಗ ಎರಡು ಸಲ ಫೇಲ್ ಆದಂವ.

ಹುಬ್ಬಳ್ಳಿ_ನಕಾಶಿ
ಆರ್ಕಿಟೆಕ್ಚರ್ ಪಾಠ ಸುರು ಆಗಬೇಕಾದ್ದು ಅಲ್ಲಿಂದನ. ಮತ್ತ ದೂರ ಹೋಗೂದು ಬ್ಯಾಡಂದ್ರ ನಿಮ್ಮ ಅಜ್ಜನ ಮನಿಗೆ ಹೋಗ್ರಿ. ಮಾಳಗಿ ಮನಿ ಇದ್ರ ಪಡಸಾಲ್ಯಾಗ ಅಂಗಾತ ಮಲಕೊಂಡು ಮ್ಯಾಲೆ ನೋಡ್ರಿ, ತೊಲಿ, ಅದರ ಮ್ಯಾಲೆ ಜಂತಿ, ಅದರ ಮ್ಯಾಲೆ ಹಲಗಿ, ಮ್ಯಾಲೆ ಮಣ್ಣು. ಜಂತಿ ಎಷ್ಟ ಉದ್ದ ಸಿಗತಿತ್ತೋ ಖೋಲಿ ಅಷ್ಟ ಅಗಲ. ಯಾರೂ ಪ್ಲ್ಯಾನ್ ತಗದಿದ್ದಿಲ್ಲ, ಗಿಡಾನ ಪ್ಲ್ಯಾನ್ ತಗೀತಿತ್ತು. ಬೆಳಕಿಂಡಿಯಿಂದ ಬೀಳೋ ಬಿಸಲಿನ ತುಂಡು ತಾಸಿಗೊಮ್ಮೆ ಎಲ್ಲಿ ಬರತೈತಿ ಅಂತ ಸೀಮೆಸುಣ್ಣದಲೆ ಗುರ್ತು ಹಾಕಸ್ರಿ ಮಗನ ಕಡೆ. ಒಂದ ದಿನಾ ಸಾಕು.

ಸಾಧನಕೇರಿ_ಅಪ್ಪಾ
ಎಲ್ಲಾರಿಗೂ ದೊಡ್ಡ ನಮಸ್ಕಾರ. ವುಡ್‌ವರ್ಕಿಂಗಿಗೆ ಹೆಸರು ಹಚ್ಚಿದೆ. ನಾವು ಹದಿನಾಕು ಮಂದಿ ಪೇರೆಂಟ್ಸ್ ಕೂಡಿ ಬರದು ಕೊಟ್ವಿ, ಗಣಿತಕ್ಕ ಪಿರಿಯಡ್ ಕೊಡ್ರಿ ಅಂತ ಅಲ್ಲ, ಸರಿಯಾದ ಮೇಸ್ತ್ರಿನ್ನ ತರ್ರಿ, ಈ ವರ್ಷ ಮಷಿನ್ ರೂಮಿಗೆ ಕೀಲಿ ಹಾಕ್ರಿ ಅಂತ. ಅವ್ವಗ ಇನ್ನೂ ನಗೂನ ಅದ.

ಸಾಧನಕೇರಿ_ಅಪ್ಪಾ
ಮೂರ ತಿಂಗಳಾದ ಮ್ಯಾಲೆ ಮತ್ತ ಇಲ್ಲೇ ಬರೀಲಿಕ್ಕೆ ಹತ್ತೇನಿ. ಐಟಿಐ ಮಾಡಿದ ಒಬ್ಬ ಸರ್ ಬಂದಾರ, ಮಕ್ಕಳು ಅವರ ಹಿಂದ ಹಿಂದ ಅಡ್ಡಾಡತಾವ. ಮೊದಲನೇ ತಿಂಗಳು ಬರೇ ಗೆರಿ ಹೊಡದು ಗೆರಿ ಮ್ಯಾಲೆ ಕೊಯ್ಯೋದು ಅಷ್ಟ ಮಾಡಿಸಿದ್ರಂತ. ನಿನ್ನೆ ನಮ್ಮಂವ ಒಂದ ಸ್ಟೂಲ್ ಮಾಡಿ ತಂದಾನ, ನಾಕ ಕಾಲಿಂದು. ಅವ್ವ ಅದರ ಮ್ಯಾಲೆ ಕುಂತು ಬತ್ತಿ ಹೊಸಿಲಿಕ್ಕೆ ಹತ್ಯಾಳ, "ಬಡಗಿ ಸರ್ ಏನಂದ್ರಲೇ ಇವತ್ತ" ಅಂತ ಕೇಳ್ತಾಳ. ಒಂದ ತೊಂದ್ರಿ, ಸ್ಟೂಲ್ ಟಕ್ ಟಕ್ ಅಂತ ಅಳ್ಳಾಡತದ. ಅಂವಾ ಉದ್ದ ಇದ್ದ ಕಾಲು ಸ್ವಲ್ಪ ಕೊಯ್ದ, ಆಮೇಲೆ ಇನ್ನೊಂದ ಉದ್ದ ಆತು, ಅದನ್ನೂ ಕೊಯ್ದ. ಈಗ ಮೊದಲಿನಕಿಂತ ಒಂದ ಇಂಚ್ ಗಿಡ್ಡ ಆಗೇದ, ಅಳ್ಳಾಡೋದ ಬಿಟ್ಟಿಲ್ಲ.

ಗದಗ_ಗಣಿತ_ಟೀಚರ್
ಮೂರು ಕಾಲು ಮಾಡು ಅಂತ ಹೇಳ್ರಿ, ಮೂರು ಬಿಂದು ಇದ್ರ ಯಾವ ನೆಲದ ಮ್ಯಾಲೂ ಅಳ್ಳಾಡೂದಿಲ್ಲ 😄

ರಂದಾ_ಹಿಡದಾಂವ
ಅಣ್ಣಾರ ಕೊಯ್ಯೋದ ಮೊದಲ ನಿಲ್ಲಸ್ರಿ, ಎರಡ ಬೆಕ್ಕಿನ ಬೆಣ್ಣಿ ಮಂಗ್ಯಾ ಹಂಚಿದಂಗ ಆಗತೈತಿ, ಕಡೀಕ ಮಣಿ ಉಳೀತೈತಿ. ಸಪಾಟ ನೆಲದ ಮ್ಯಾಲೆ ಇಡ್ರಿ, ಕಡಪಾ ಕಲ್ಲಿನ ಕಟ್ಟಿ ಇದ್ರ ಇನ್ನೂ ಛಲೋ. ಗಿಡ್ಡ ಕಾಲಿನ ಬುಡಕ್ಕ ರಟ್ಟಿನ ತುಂಡ ಕೊಟ್ಟು ಅಳ್ಳಾಡಲಾರದಂಗ ನಿಲ್ಲಸ್ರಿ. ಆಮೇಲೆ ಒಂದ ಸಣ್ಣ ಹಲಗಿ ತುಂಡಿನ ಮ್ಯಾಲೆ ಪೆನ್ಸಿಲ್ ಮಲಗಿಸಿ ಹಿಡದು, ಆ ತುಂಡ ನೆಲದ ಮ್ಯಾಲೆ ಜಾರಸ್ಕೊಂತ ನಾಕೂ ಕಾಲಿಗೆ ಸುತ್ತ ಗೆರಿ ಹೊಡೀರಿ. ನಾಕೂ ಗೆರಿ ನೆಲದಿಂದ ಒಂದ ಎತ್ತರಕ್ಕ ಬರತಾವ. ಗೆರಿ ಮ್ಯಾಲೆ ಕೊಯ್ರಿ, ಮುಗೀತು. ಆಗಲಿಲ್ಲಂದ್ರ ರವಿವಾರ ಹುಡುಗನ್ನ ಸ್ಟೂಲ್ ಸಮೇತ ವರ್ಕ್‌ಶಾಪಿಗೆ ಕಳಸ್ರಿ, ನನ್ನ ಮಗಾನೂ ರಜಾಕ್ಕ ಬಂದಾನ, ಇಬ್ಬರಿಗೂ ಕೂಡೆ ತೋರಸ್ತೀನಿ.

ಸಾಧನಕೇರಿ_ಅಪ್ಪಾ
ಬರ್ತೇವ್ರಿ ಅಣ್ಣಾ. ಅವ್ವನೂ ಬರ್ತಾಳಂತ, ಅಕಿಗೆ ಒಂದ ಮಣಿ ಬೇಕಂತ.